ಮಾತ್ರೆ ತಪ್ಪಿದ ಪದ್ಯ, ಮಾತ್ರೆ ತಪ್ಪಿದ ರೋಗಿ

ವೈದ್ಯವಿಜ್ಞಾನವನ್ನು ಹಾಸ್ಯಪದ್ಯಗಳ ಮೂಲಕ ಕಲಿಸುವುದರ ಕುರಿತು, ವೈದ್ಯಕ್ಕೂ ವ್ಯಾಕರಣಕ್ಕೂ ಸೇರಿದ ಶಬ್ದಗಳ ಚಮತ್ಕಾರದ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಛಂದಸ್ಸಿನಲ್ಲಿ ನಾವು ಎಣಿಸುವ ಮಾತ್ರೆಗೂ ಔಷಧದ ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೂ ಏನಾದರೂ ಸಂಬಂಧವಿದೆಯೇ, ಅಥವಾ ಬೇರೆ ಬೇರೆ ಶಬ್ದಗಳು ಆಕಸ್ಮಿಕವಾಗಿ ಒಂದೇ ರೂಪವನ್ನು ತಾಳಿವೆಯೇ? (ಕನ್ನಡ ಎಂ.ಎ. ವಿದ್ಯಾರ್ಥಿನಿ)

ಉತ್ತರ: ಎರಡೂ ಒಂದೇ ಶಬ್ದ. ಅಳೆಯುವುದು ಎಂಬ ಅರ್ಥದ ‘ಮಾ’ ಧಾತುವಿನಿಂದ ಹುಟ್ಟಿದ ಮಾನ, ಪ್ರಮಾಣ, ಪರಿಮಾಣಗಳ ಒಡಹುಟ್ಟು ಇದು. ಒಂದು ಲಘುವನ್ನು ಉಚ್ಚರಿಸಲು ಬೇಕಾಗುವ ಕಾಲದ ಅಳತೆ ಛಂದಸ್ಸಿನಲ್ಲಿ ಒಂದು ಮಾತ್ರೆಯಾದರೆ, ದೇಹಕ್ಕೆ ಒಗ್ಗುವ ಆಹಾರದ ಅಥವಾ ಔಷಧದ ಅಳತೆ ವೈದ್ಯದಲ್ಲಿ ಮಾತ್ರೆಯಾಯಿತು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ಆರಂಭದಲ್ಲೇ ‘ಮಾತ್ರಾಶೀ ಸ್ಯಾತ್’, ಅಂದರೆ ಮಿತವರಿತು ಉಣ್ಣುವವನಾಗಬೇಕು, ಎಂದು ಹೇಳುವಾಗ ಆ ಶಬ್ದಕ್ಕೆ ಇರುವುದು ಅಳತೆ ಎಂಬ ಅರ್ಥವೇ. ಅಳತೆಗೆ ಇದ್ದ ಹೆಸರು ಕಾಲಕ್ರಮದಲ್ಲಿ ಅಳತೆಗೆ ತಕ್ಕಂತೆ ಕಟ್ಟಿದ ಗುಳಿಗೆಗೇ ಅಂಟಿಕೊಂಡಿತು.

ಲಘು ಮತ್ತು ಗುರು ಎಂಬ ಜೋಡಿಯೂ ಹೀಗೆಯೇ ಎರಡೂ ಮನೆಗಳಿಗೆ ಸೇರಿದೆ. ಛಂದಸ್ಸಿನಲ್ಲಿ ಅದು ಅಕ್ಷರದ ತೂಕ. ಆಯುರ್ವೇದದಲ್ಲಿ ಬೇಗ ಜೀರ್ಣವಾಗುವ ಆಹಾರ ಲಘು, ತಡವಾಗಿ ಜೀರ್ಣವಾಗುವುದು ಗುರು. ಇನ್ನೊಂದು ಸೊಗಸನ್ನೂ ಗಮನಿಸಿರಿ. ‘ಮಾತ್ರೆ’ ಎಂಬ ಶಬ್ದಕ್ಕೆ ಪ್ರಸ್ತಾರ ಹಾಕಿದರೆ ‘ಮಾ’ ಗುರು, ‘ತ್ರೆ’ ಲಘು, ಒಟ್ಟು ಮೂರು ಮಾತ್ರೆ. ದಿನಕ್ಕೆ ಮೂರು ಹೊತ್ತು ನುಂಗಬೇಕಾದವರು ಇದನ್ನು ನೆನಪಿಗೆ ಬಳಸಿಕೊಳ್ಳಬಹುದು. ಈ ಶ್ಲೇಷೆಯನ್ನೇ ಆಧಾರವಾಗಿಟ್ಟು ನಾನು ಕಟ್ಟಿದ ಒಂದು ಭಾಮಿನಿ ಷಟ್ಪದಿ ಹೀಗಿದೆ:

ಮಾತ್ರೆ ತಪ್ಪಿದ ಪದ್ಯ ಕುಂಟಿತು
ಮಾತ್ರೆ ತಪ್ಪಿದ ರೋಗಿ ನರಳಿದ
ಸೂತ್ರವೊಂದೇ ಕವಿಗೆ ವೈದ್ಯಗೆ ಮಿತಿಯ ಮೀರದಿರೈ
ರಾತ್ರಿ ಮರೆತುದಕೆಂದು ಬೆಳಗಲಿ
ಮಾತ್ರೆಯೆರಡನು ನುಂಗಬೇಡವೊ
ಗಾತ್ರ ಕಿರಿದೆಂದದರ ಬಲವನು ಹಗುರವೆನ್ನದಿರೈ

ನೀವು ಛಂದಸ್ಸಿನ ವಿದ್ಯಾರ್ಥಿನಿಯಾದ್ದರಿಂದ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆಗಳು, 3 ಮತ್ತು 6ನೆಯ ಸಾಲುಗಳಲ್ಲಿ 23 ಮಾತ್ರೆಗಳು ಸರಿಯಾಗಿ ಕೂತಿವೆಯೇ ಎಂದು ದಯವಿಟ್ಟು ಪರೀಕ್ಷಿಸಿ ನೋಡಿರಿ. ಪದ್ಯದ ವೈದ್ಯಕೀಯ ಭಾಗಕ್ಕೆ ಮಾತ್ರ ಒಂದು ವಿವರಣೆ ಬೇಕು. ಮರೆತ ಮಾತ್ರೆ ನೆನಪಾದಾಗ ಆಗಲೇ ನುಂಗಬೇಕೇ ಅಥವಾ ಮುಂದಿನ ಹೊತ್ತಿಗೆ ಕಾಯಬೇಕೇ ಎಂಬುದು ಔಷಧದಿಂದ ಔಷಧಕ್ಕೆ ಬೇರೆಯಾಗುತ್ತದೆ, ಅದನ್ನು ವೈದ್ಯರನ್ನೇ ಕೇಳಬೇಕು. ಆದರೆ ತಪ್ಪಿದ್ದನ್ನು ಸರಿದೂಗಿಸಲು ಎರಡನ್ನು ಒಟ್ಟಿಗೆ ನುಂಗಬಾರದೆಂಬ ಮಾತು ಬಹುತೇಕ ಎಲ್ಲ ಔಷಧಗಳಿಗೂ ಅನ್ವಯಿಸುತ್ತದೆ. ಕೊನೆಯ ಸಾಲೂ ಪ್ರಾಸಕ್ಕಾಗಿ ಬಂದುದಲ್ಲ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ನನ್ನು ಅಳೆಯುವುದು ಮೈಕ್ರೋಗ್ರಾಂಗಳಲ್ಲಿ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ ಎಂಬುದನ್ನು ನೆನೆದರೆ, ಕಣ್ಣಿಗೆ ಕಿರಿದಾದ ಗುಳಿಗೆಯ ಬಲ ಎಷ್ಟೆಂಬುದು ತಿಳಿಯುತ್ತದೆ.

ಪ್ರಶ್ನೆ: ವಾಂತಿಭೇದಿಯಾದಾಗ ಕುಡಿಸಬೇಕಾದ ಉಪ್ಪುಸಕ್ಕರೆ ನೀರಿನ ಅಳತೆಯನ್ನು ಮಕ್ಕಳಿಗೆ ಕಲಿಸಲು ನಾನೇ ಒಂದು ಪದ್ಯ ಕಟ್ಟಿದೆ: ‘ಅರೆ ಚಮಚ, ಆರು ಚಮಚ, ಉಪ್ಪು ಸಕ್ಕರೆ, ಕುಡಿದ ಮಗುವು ಮರುದಿವಸವೆ ಮತ್ತೆ ನಕ್ಕರೆ!’ ಮಕ್ಕಳು ಬಹಳ ಸಂತೋಷದಿಂದ ಹಾಡಿದರು. ಮರುದಿನ ಕೇಳಿದರೆ ಹಲವರು ಉಪ್ಪು ಆರು ಚಮಚ ಎಂದರು. ಪದ್ಯದಿಂದ ಕಲಿಸುವುದೇ ತಪ್ಪೇ? (ಪ್ರೌಢಶಾಲಾ ಶಿಕ್ಷಕಿ)

ಉತ್ತರ: ಪದ್ಯದಿಂದ ಕಲಿಸಿದ್ದು ತಪ್ಪಲ್ಲ, ಮರುದಿನ ಕೇಳಿ ಪರೀಕ್ಷಿಸಿದ್ದಂತೂ ಬಹಳ ಒಳ್ಳೆಯ ಕೆಲಸ. ದೋಷವಿರುವುದು ಪದ್ಯದ ಕಟ್ಟಡದಲ್ಲಿ. ನೀವು ಮೊದಲು ಎರಡು ಸಂಖ್ಯೆಗಳನ್ನು ಹೇಳಿ, ಆಮೇಲೆ ಎರಡು ವಸ್ತುಗಳನ್ನು ಹೇಳಿದ್ದೀರಿ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಯಥಾಸಂಖ್ಯವೆಂಬ ಹೆಸರೇ ಇದೆ. ಮೊದಲನೆಯದನ್ನು ಮೊದಲನೆಯದಕ್ಕೆ, ಎರಡನೆಯದನ್ನು ಎರಡನೆಯದಕ್ಕೆ ಜೋಡಿಸಿಕೊಳ್ಳುವ ಹೊಣೆಯನ್ನು ಕವಿ ಓದುಗನಿಗೆ ಬಿಡುತ್ತಾನೆ. ಕಾವ್ಯದಲ್ಲಿ ಅದು ಚೆಲುವು, ಔಷಧದ ಅಳತೆಯಲ್ಲಿ ಅದು ಅಪಾಯ. ಅದರ ಮೇಲೆ ‘ಅರೆ’ ಮತ್ತು ‘ಆರು’ ಒಂದೇ ಸ್ವರದ ಹ್ರಸ್ವ ದೀರ್ಘ ರೂಪಗಳಿಂದ ಆರಂಭವಾಗಿ ಒಂದೇ ವ್ಯಂಜನಕ್ಕೆ ಬಂದು ನಿಲ್ಲುವ ಶಬ್ದಗಳು. ಕಿವಿಗೆ ಹಿತವಾದ ಈ ಸಾಮ್ಯವೇ ನೆನಪನ್ನು ದಾರಿ ತಪ್ಪಿಸುತ್ತದೆ.

ಅದಲುಬದಲಾದರೆ ಆಗುವ ಹಾನಿ ಚಿಕ್ಕದಲ್ಲ. ಉಪ್ಪು ಮಿತಿಮೀರಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ, ಫಿಟ್ಸ್ ಬಂದು, ಪ್ರಾಣಕ್ಕೇ ಕುತ್ತು ಬರಬಹುದು. ಸಕ್ಕರೆ ಮಿತಿಮೀರಿದರೆ ಅದು ಕರುಳಿನೊಳಕ್ಕೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸಕ್ಕರೆಯನ್ನು ಹಾಕುವುದು ಕೇವಲ ರುಚಿಗಾಗಿ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿಯೇ ಒಳಗೆ ಸಾಗುವ ಒಂದು ದಾರಿಯಿದೆ, ಭೇದಿಯ ಸಮಯದಲ್ಲೂ ಆ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ, ಮತ್ತು ಅವೆರಡರ ಹಿಂದೆ ನೀರು ಹೋಗುತ್ತದೆ. ಈ ದ್ರಾವಣದ ಗುಟ್ಟೆಲ್ಲ ಇಷ್ಟೇ.

ಹೀಗಾಗಿ ಪ್ರತಿಯೊಂದು ವಸ್ತುವಿನ ಪಕ್ಕದಲ್ಲೇ ಅದರ ಸಂಖ್ಯೆಯನ್ನು ಕಟ್ಟಿಹಾಕಬೇಕು. ನಿಮ್ಮ ಮಕ್ಕಳಿಗಾಗಿ ಇದನ್ನು ಕಳಿಸುತ್ತಿದ್ದೇನೆ:

ಚೊಕ್ಕ ನೀರಿನ ಲೀಟರೊಂದಕೆ
ಸಕ್ಕರೆಯ ಸಮ ಚಮಚ ಆರನು
ಉಪ್ಪನರೆ ಚಮಚವನು ಮಾತ್ರವೆ
ತಪ್ಪದಳತೆಯಲಿಟ್ಟು ಕದಡಿರಿ

ಇದರ ನಡೆ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಗಳ ಗಣಗಳದು. ಯಾವ ಮಗುವಾದರೂ ಮರೆತು ಮೂರನೆಯ ಸಾಲಿನಲ್ಲಿ ‘ಉಪ್ಪನಾರು ಚಮಚವನು’ ಎಂದು ಹಾಡಲು ಹೊರಟರೆ, ನಾಲ್ಕು ಮಾತ್ರೆಯ ಗಣ ಐದಕ್ಕೆ ಏರಿ ಸಾಲು ಅಲ್ಲಿಯೇ ಮುಗ್ಗರಿಸುತ್ತದೆ. ‘ಮಾತ್ರವೆ’ ಎಂಬ ಶಬ್ದವೂ ಆರಕ್ಕೆ ಒಗ್ಗದೆ ಎಚ್ಚರಿಸುತ್ತದೆ. ಛಂದಸ್ಸು ಇಲ್ಲಿ ಅಲಂಕಾರವಾಗಿ ಬಂದಿಲ್ಲ, ಕಾವಲಿಗೆ ನಿಂತಿದೆ. ಎರಡನೆಯ ಸಾಲಿನಲ್ಲಿ ಅಷ್ಟು ಭದ್ರವಾದ ಕಾವಲನ್ನು ನನಗೆ ಕಟ್ಟಲಾಗಲಿಲ್ಲ, ಏಕೆಂದರೆ ‘ಆರನು’ ಇದ್ದ ಕಡೆ ‘ಅರೆಯನು’ ಎಂದರೂ ಮಾತ್ರೆ ಸರಿಹೋಗುತ್ತದೆ. ನಿಮ್ಮ ತರಗತಿಯಲ್ಲಿ ಯಾರಾದರೂ ಇದಕ್ಕಿಂತ ಉತ್ತಮವಾದ ಸಾಲನ್ನು ಕಟ್ಟಿದರೆ ಖಂಡಿತ ಬರೆದು ತಿಳಿಸಿರಿ. ‘ಸಮ ಚಮಚ’ ಎಂದರೆ ಗೋಪುರದಂತೆ ತುಂಬದೆ ಅಂಚಿಗೆ ಸಮನಾಗಿ ಸವರಿದ ಚಮಚ, ಉಪ್ಪಿಗೂ ಅದೇ ಕ್ರಮ. ಮತ್ತು ಚಮಚವೆಂದರೆ ಐದು ಮಿಲಿಲೀಟರ್ ಹಿಡಿಯುವ ಚಿಕ್ಕ ಚಮಚ, ಹದಿನೈದು ಮಿಲಿಲೀಟರಿನ ದೊಡ್ಡದಲ್ಲ. ಕನ್ನಡದಲ್ಲಿ ಎರಡಕ್ಕೂ ನಾವು ಒಂದೇ ಶಬ್ದವನ್ನು ಬಳಸುವುದರಿಂದ, ಹಾಡಿಸುವ ಮೊದಲು ಆ ಚಮಚವನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ಸಿದ್ಧ ಓ.ಆರ್.ಎಸ್. ಪೊಟ್ಟಣ ಸಿಗುವಲ್ಲಿ ಅದೇ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿನ ಪೊಟ್ಟಣದಲ್ಲಿ 20.5 ಗ್ರಾಂ ಪುಡಿಯಿದ್ದು, ಅದಷ್ಟನ್ನೂ ಒಂದು ಲೀಟರ್ ನೀರಿಗೆ ಒಂದೇ ಬಾರಿಗೆ ಹಾಕಬೇಕು; ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಅಚ್ಚಾದ ನೀರಿನ ಅಳತೆಯನ್ನೇ ಪಾಲಿಸಬೇಕು.

ಪ್ರಶ್ನೆ: ವ್ಯಾಕರಣದ ಸಂಧಿಗೂ ಮೊಣಕಾಲಿನ ಸಂಧಿಗೂ ಹೆಸರು ಒಂದೇ. ‘ಸಂಧಿವಾತ’ ಯಾವ ಸಂಧಿಗೆ ಉದಾಹರಣೆ ಎಂದು ನನ್ನ ಮೊಮ್ಮಗಳು ಕೇಳಿದಳು. ಅವಳಿಗೆ ಏನು ಹೇಳಲಿ? (ನಿವೃತ್ತ ಉದ್ಯೋಗಿ)

ಉತ್ತರ: ‘ಸಂಧಿವಾತ’ದಲ್ಲಿ ವ್ಯಾಕರಣದ ಸಂಧಿಯೇ ಇಲ್ಲ. ಸಂಧಿ ಮತ್ತು ವಾತ ಎಂಬ ಪದಗಳು ಯಾವ ಅಕ್ಷರವನ್ನೂ ಕಳೆದುಕೊಳ್ಳದೆ, ಪಡೆಯದೆ, ಬದಲಿಸದೆ ಪಕ್ಕಪಕ್ಕದಲ್ಲಿ ನಿಂತಿವೆ. ಅದು ತತ್ಪುರುಷ ಸಮಾಸ. ಆದರೆ ಮೊಮ್ಮಗಳ ಪ್ರಶ್ನೆಯಲ್ಲಿ ಅವಳಿಗೇ ತಿಳಿಯದಷ್ಟು ಆಳವಿದೆ. ಕನ್ನಡ ಸಂಧಿಗಳು ಮೂರು ಎಂದು ಅವಳು ಓದಿರುತ್ತಾಳೆ. ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಹೋಗುತ್ತದೆ, ಅದು ಲೋಪ. ‘ಮನೆ’ ಮತ್ತು ‘ಅನ್ನು’ ಕೂಡಿ ‘ಮನೆಯನ್ನು’ ಆಗುವಾಗ ಇಲ್ಲದ ಯಕಾರ ಬಂದು ಸೇರುತ್ತದೆ, ಅದು ಆಗಮ. ‘ಮಳೆ’ ಮತ್ತು ‘ಕಾಲ’ ಕೂಡಿ ‘ಮಳೆಗಾಲ’ ಆಗುವಾಗ ಕಕಾರದ ಸ್ಥಾನಕ್ಕೆ ಗಕಾರ ಬರುತ್ತದೆ, ಅದು ಆದೇಶ.

ವಯಸ್ಸಾದವರ ಮೊಣಕಾಲಿನಲ್ಲಿ ನಡೆಯುವುದೂ ಇವೇ ಮೂರು ಎಂದು ಹೇಳಿದರೆ ಅವಳಿಗೆ ಅಚ್ಚರಿಯಾದೀತು. ಎಲುಬುಗಳ ತುದಿಗೆ ಹಾಸಿದ ನುಣುಪಾದ ಮೃದ್ವಸ್ಥಿ ಸವೆದುಹೋಗುತ್ತದೆ. ಕೀಲಿನ ಅಂಚಿನಲ್ಲಿ ಮೊದಲಿರದ ಮೂಳೆಯ ಮುಳ್ಳುಗಳು ಬೆಳೆಯುತ್ತವೆ. ನೋವು ಸಹಿಸಲಸಾಧ್ಯವಾದಾಗ ಶಸ್ತ್ರಚಿಕಿತ್ಸಕರು ಸವೆದ ಮೇಲ್ಮೈಗಳನ್ನು ತೆಗೆದು ಲೋಹ ಮತ್ತು ಗಟ್ಟಿ ಪ್ಲಾಸ್ಟಿಕ್ಕಿನ ಕೀಲನ್ನು ಅಲ್ಲಿ ಕೂರಿಸುತ್ತಾರೆ.

ಸವೆದ ಮೃದ್ವಸ್ಥಿಯದು ಲೋಪವು
ಕವಲು ಚಿಗುರಿದ ಮೂಳೆಯಾಗಮ
ನವೆವ ಕೀಲಿಗೆ ಲೋಹ ಬಂದರೆ
ಬವಣೆಗಾದೇಶವಿದು ತಿಳಿಯಿರಿ

ಲೋಪವಾದ ಕೂಡಲೇ ಆದೇಶಕ್ಕೆ ಓಡಬೇಕಾಗಿಲ್ಲವೆಂಬುದನ್ನೂ ಹೇಳಿಕೊಡಿರಿ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಿಂದ ಮತ್ತು ಹೆಚ್ಚಿರುವ ಮೈತೂಕವನ್ನು ಇಳಿಸುವುದರಿಂದ ಬಹಳ ಜನರ ನೋವು ತಗ್ಗುತ್ತದೆ.

ಪ್ರಶ್ನೆ: ನಿದಾನ ಮತ್ತು ನಿಧಾನ, ಔಷಧ ಮತ್ತು ಔಷಧಿ, ಇವುಗಳಲ್ಲಿ ಯಾವುದು ಸರಿ? (ಔಷಧಶಾಸ್ತ್ರದ ವಿದ್ಯಾರ್ಥಿ)

ಉತ್ತರ: ನಿದಾನವೆಂದರೆ ರೋಗದ ಮೂಲಕಾರಣ, ಅದನ್ನು ಗುರುತಿಸುವ ಕ್ರಿಯೆ, ಮಾಧವಕರನ ‘ಮಾಧವನಿದಾನ’ವೆಂಬ ಪ್ರಸಿದ್ಧ ವೈದ್ಯಗ್ರಂಥದ ಹೆಸರಿನಲ್ಲೂ ಇರುವುದು ಅಲ್ಪಪ್ರಾಣದ ದಕಾರವೇ. ನಿಧಾನ ಎಂಬುದು ಸಂಸ್ಕೃತದಲ್ಲಿ ಇಟ್ಟ ನಿಧಿ, ಕನ್ನಡದಲ್ಲಿ ಸಾವಕಾಶ. ನಿದಾನವು ನಿಧಾನವಾದರೆ ರೋಗ ಮುಂದೋಡೀತು, ನಿಧಾನವಿಲ್ಲದ ನಿದಾನವಾದರೆ ರೋಗವೇ ಬೇರೆಯಾದೀತು ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು. ಒಂದೇ ವಾಕ್ಯದಲ್ಲಿ ಎರಡನ್ನೂ ನಾಲ್ಕು ಬಾರಿ ಸರಿಯಾಗಿ ಉಚ್ಚರಿಸಿದವರು ಮತ್ತೆ ತಪ್ಪಿ ಬರೆದುದನ್ನು ನಾನು ಕಂಡಿಲ್ಲ.

ಓಷಧಿ ಎಂದರೆ ಸಸ್ಯ, ಮುಖ್ಯವಾಗಿ ಫಲ ಮಾಗಿದೊಡನೆ ಒಣಗುವ ಸಸ್ಯ. ಅದರಿಂದ ಮಾಡಿದ್ದು ಔಷಧ. ‘ಔಷಧಿ’ ಇವೆರಡರ ನಡುವೆ ಹುಟ್ಟಿ ಆಡುಮಾತಿನಲ್ಲಿ ನೆಲೆಸಿದೆ. ಮಾತಿನಲ್ಲಿ ಅದನ್ನು ತಿದ್ದುವ ಅಗತ್ಯವಿಲ್ಲ, ಬರೆಹದಲ್ಲಿ ‘ಔಷಧ’ವೇ ಲೇಸು. ‘ಶಾಸ್ತ್ರಚಿಕಿತ್ಸೆ’ ಎಂದು ಬರೆಯುವವರು ಮಾತ್ರ ದಯವಿಟ್ಟು ತಿದ್ದಿಕೊಳ್ಳಬೇಕು. ಶಾಸ್ತ್ರವನ್ನು ಅರಿತ ಮೇಲೆ ಶಸ್ತ್ರವನ್ನು ಹಿಡಿಯುವುದು ಕ್ರಮವಾದರೂ, ಚಿಕಿತ್ಸೆ ನಡೆಯುವುದು ಶಸ್ತ್ರದಿಂದಲೇ.

ಪ್ರಶ್ನೆ: ‘ವೈದ್ಯರಾಜ ನಮಸ್ತುಭ್ಯಂ ಯಮರಾಜ ಸಹೋದರ’ ಎಂದು ಹಳಬರು ವೈದ್ಯರನ್ನು ಗೇಲಿ ಮಾಡಿದ್ದಾರೆ. ರೋಗವೆಂಬುದು ದುಃಖದ ವಿಷಯ. ಅದರಲ್ಲಿ ನಗುವಿಗೆ ಎಡೆಕೊಡುವುದು ಉಚಿತವೇ? (ಶುಶ್ರೂಷಕಿ)

ಉತ್ತರ: ಯಮ ಪ್ರಾಣವನ್ನಷ್ಟೇ ಒಯ್ಯುತ್ತಾನೆ, ವೈದ್ಯ ಪ್ರಾಣವನ್ನೂ ಹಣವನ್ನೂ ಒಯ್ಯುತ್ತಾನೆ ಎಂದು ಮುಗಿಯುವ ಆ ಶ್ಲೋಕ ವೈದ್ಯರಿಗೆ ಒಳ್ಳೆಯ ಎಚ್ಚರಿಕೆ. ಅಧಿಕಾರವಿರುವವರ ಮೇಲೆ ಬಿದ್ದ ನಗು ಅದು, ಅದನ್ನು ವೈದ್ಯರು ವಿನಯದಿಂದ ಸ್ವೀಕರಿಸಬೇಕು. ರೋಗಿಯ ಮೇಲೆ ಬೀಳುವ ನಗುವನ್ನು ನಾನು ಒಪ್ಪಲಾರೆ. ತೊದಲುವವರನ್ನು, ಕಿವಿ ಕೇಳದವರನ್ನು, ಮನೋರೋಗಿಗಳನ್ನು, ಮರೆವಿನ ಕಾಯಿಲೆಯ ಹಿರಿಯರನ್ನು ನಗೆಯ ಸರಕಾಗಿಸುವ ಪದ್ಯಗಳು ಈ ಅಂಕಣಕ್ಕೂ ಬರುತ್ತವೆ. ಅವುಗಳಲ್ಲಿ ಪ್ರಾಸ ಎಷ್ಟೇ ಚೆನ್ನಾಗಿದ್ದರೂ ನಾವು ಪ್ರಕಟಿಸುವುದಿಲ್ಲ. ಅಂಥ ಒಂದು ನಗೆಯನ್ನು ಕೇಳಿದವನು ನಾಳೆ ತನಗೇ ಆ ಕಾಯಿಲೆ ಬಂದಾಗ ಹೇಳಿಕೊಳ್ಳಲು ನಾಚಿ ಚಿಕಿತ್ಸೆಗೆ ತಡಮಾಡುತ್ತಾನೆ. ನಿಮ್ಮ ವೃತ್ತಿಯಲ್ಲಿ ನೀವು ಇದನ್ನು ನನಗಿಂತ ಹೆಚ್ಚಾಗಿ ಕಂಡಿರುತ್ತೀರಿ.

ವೈದ್ಯವನ್ನು ಪದ್ಯದಲ್ಲಿ ಹೇಳುವ ಪದ್ಧತಿಯಂತೂ ಬಹು ಹಳೆಯದು. ವಾಗ್ಭಟನ ಅಷ್ಟಾಂಗಹೃದಯ ಪದ್ಯರೂಪದಲ್ಲಿದೆ. 12ನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವುಗಳ ಚಿಕಿತ್ಸೆಯನ್ನು, 14ನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ಕನ್ನಡದಲ್ಲಿ ಬರೆದರು. ಮಧ್ಯಯುಗದ ಯೂರೋಪಿನಲ್ಲಿ ಇಟಲಿಯ ಸಲೆರ್ನೊ ವೈದ್ಯಶಾಲೆಯ ಹೆಸರಿನಲ್ಲಿ ಹರಡಿದ ಲ್ಯಾಟಿನ್ ಆರೋಗ್ಯಪದ್ಯವೊಂದು, ನಿನಗೆ ವೈದ್ಯರು ದೊರೆಯದಿದ್ದರೆ ಹರ್ಷದ ಮನಸ್ಸು, ವಿಶ್ರಾಂತಿ, ಮಿತವಾದ ಆಹಾರ ಎಂಬ ಮೂವರೇ ನಿನ್ನ ವೈದ್ಯರಾಗಲಿ ಎನ್ನುತ್ತದೆ. ಮೂಲದಲ್ಲಿ ‘ವೈದ್ಯರು’ ಎಂಬ ಪದ ಬೆನ್ನುಬೆನ್ನಿಗೆ ಎರಡು ಬಾರಿ ಬಂದು ಚಮತ್ಕಾರವನ್ನು ಉಂಟುಮಾಡುತ್ತದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ನಮ್ಮ ಗಾದೆ ಒಂದೇ ಉಸಿರಿನಲ್ಲಿ ವೈದ್ಯವನ್ನೂ ಭಾಷೆಯನ್ನೂ ಹಿಡಿದಿಟ್ಟಿದೆ. ಇನ್ನು ನಗುವಿನ ಮಾತು. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’ಯವರು, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರೇ ಆಗಿದ್ದರು.

ಪ್ರಶ್ನೆ: ‘ಉರಿಯೂತ’ ಎಂಬ ಪದ ಪಠ್ಯದಲ್ಲಿದೆ, ಮಕ್ಕಳಿಗೆ ಅರ್ಥವಾಗುವುದಿಲ್ಲ. (ವಿಜ್ಞಾನ ಶಿಕ್ಷಕ)

ಉತ್ತರ: ಬಿಡಿಸಿ ತೋರಿಸಿದರೆ ಅರ್ಥವಾಗುತ್ತದೆ: ಉರಿ ಮತ್ತು ಊತ. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಇದರ ಲಕ್ಷಣಗಳು ನಾಲ್ಕು ಎಂದು ಬರೆದನು, ಮತ್ತು ಅವುಗಳ ಲ್ಯಾಟಿನ್ ಹೆಸರುಗಳಾದ ರೂಬೋರ್, ಟ್ಯೂಮೋರ್, ಕಾಲೋರ್, ಡೋಲೋರ್ ತಾವಾಗಿಯೇ ಪ್ರಾಸಬದ್ಧವಾಗಿರುವುದರಿಂದ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅವನ್ನು ಮರೆಯುವುದಿಲ್ಲ. ಕೆಂಪು, ಊತ, ಬಿಸಿ, ನೋವು ಎಂಬ ಆ ನಾಲ್ಕರಲ್ಲಿ ನಮ್ಮ ಪದ ಎರಡನ್ನು ಒಳಗಿಟ್ಟುಕೊಂಡಿದೆ, ಉಳಿದ ಎರಡನ್ನು ಪದ್ಯ ತಂದುಕೊಡುತ್ತದೆ:

ಕೆಂಪಗೆ ಕಂಡಿತು, ಊದಿತು, ಕಾದಿತು,
ತಂಪನು ಬೇಡುತ ನೋವಲಿ ಕೂಗಿತು;
ಗುಂಪಲಿ ಬಂದಿಹ ನಾಲ್ವರ ಕಂಡೇ
ಇಂಪಿನ ಕನ್ನಡ ಉರಿಯೂತೆಂದಿತು

ಪ್ರಶ್ನೆ: ಪಾರ್ಶ್ವವಾಯುವಿನ ಲಕ್ಷಣಗಳನ್ನು ನೆನಪಿಡಲು ಇಂಗ್ಲಿಷಿನಲ್ಲಿ ‘ಫಾಸ್ಟ್’ ಎಂಬ ಸೂತ್ರವಿದೆ: ಮುಖ, ತೋಳು, ಮಾತು, ಸಮಯ ಎಂಬುವುಗಳ ಮೊದಲಕ್ಷರಗಳು ಸೇರಿ ‘ಬೇಗ’ ಎಂಬ ಅರ್ಥದ ಪದವಾಗಿದೆ. ಕನ್ನಡದಲ್ಲಿ ಹೀಗೆ ಮಾಡಬಹುದೇ? (ಕಾಲೇಜು ವಿದ್ಯಾರ್ಥಿ)

ಉತ್ತರ: ಮೊದಲಕ್ಷರಗಳನ್ನು ಕೂಡಿಸಿ ಪದ ಮಾಡುವುದು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ನಮ್ಮ ಅಕ್ಷರಗಳು ಸ್ವರಸಹಿತವಾದವು. ಆದರೆ ಸಾಲುಗಳನ್ನು ಒಂದೇ ವ್ಯಂಜನದಿಂದ ಆರಂಭಿಸುವ ಅನುಪ್ರಾಸ ನಮಗೆ ಸಹಜ. ನಾಲ್ಕೂ ಶಬ್ದಗಳು ಮಕಾರದಿಂದಲೇ ಆರಂಭವಾಗುವಂತೆ ಆರಿಸಿದರೆ ಸೂತ್ರ ತಾನಾಗಿ ಕಟ್ಟಿಕೊಳ್ಳುತ್ತದೆ:

ಮುಖವದು ವಾಲಿತೆ ಒಂದೇ ಕಡೆಗೆ?
ಮುಂದೋಳೆತ್ತಲು ಜಾರಿತೆ ಕೆಳಗೆ?
ಮಾತೇ ತೊದಲಿತೆ, ಸಿಲುಕಿತೆ ಒಳಗೆ?
ಮುಹೂರ್ತ ನೋಡದೆ ಆಸ್ಪತ್ರೆಯೆಡೆಗೆ!

ನಗಲು ಹೇಳಿದಾಗ ಬಾಯಿಯ ಒಂದು ತುದಿ ಇಳಿಯುವುದು, ಎರಡೂ ತೋಳುಗಳನ್ನು ಚಾಚಿ ಹಿಡಿಯಲು ಹೇಳಿದಾಗ ಒಂದು ಕೆಳಗೆ ಜಾರುವುದು, ಚಿಕ್ಕ ವಾಕ್ಯವೊಂದನ್ನು ಹೇಳಿಸಿದಾಗ ನಾಲಗೆ ತೊದಲುವುದು ಅಥವಾ ಪದವೇ ಸಿಗದಿರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಮುಹೂರ್ತವೆಂಬುದು ಹಳೆಯ ಲೆಕ್ಕದಲ್ಲಿ 48 ನಿಮಿಷಗಳ ಒಂದು ಕಾಲಮಾನ. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣಗಳು ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ, ಅಂದರೆ ಆರು ಮುಹೂರ್ತಗಳೂ ತುಂಬುವ ಮೊದಲೇ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳುವ ಕೆಲಸವೂ ಆ ಅವಧಿಯೊಳಗೇ ಮುಗಿಯಬೇಕು. ಆದ್ದರಿಂದ ಲಕ್ಷಣ ಮೊದಲು ಕಂಡ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡು ಹೊರಡಿರಿ. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.